ಮೆಣಸು, ಜೇನು, ಕಾಫಿ: ಯಾವುದಕ್ಕೆ ಯಾವ ಮಾಸ್ ಸ್ಪೆಕ್ಟ್ರೋಮೀಟರ್?

ಕೊಡಗಿನ ನಾಪೋಕ್ಲು ಕಡೆ ಇರುವ ನನ್ನ ಸೋದರಮಾವ ಜನವರಿಯಲ್ಲಿ ಒಂದು ಫಾರಂನ ಫೋಟೋ ಕಳಿಸಿದರು. ಮೆಣಸು ಪರೀಕ್ಷೆ ಮಾಡಿಕೊಡುವ ಲ್ಯಾಬ್ ಒಂದರ ಫಾರಂ ಅದು. ನಾಲ್ಕು ಚೌಕಗಳಿದ್ದವು: ಜಿಸಿ-ಎಂಎಸ್, ಎಲ್‌ಸಿ-ಎಂಎಸ್, ಐಸಿಪಿ-ಎಂಎಸ್, ಐಆರ್‌ಎಂಎಸ್. ಕೆಳಗೆ ಮಾವನ ಮೆಸೇಜು: "ಮಾರಾಯ್ತಿ, ನಾಲ್ಕರಲ್ಲೂ ಎಂಎಸ್ ಅಂತ ಇದೆ. ಯಾವುದಕ್ಕೆ ಟಿಕ್ ಹಾಕೋದು? ನಾಲ್ಕಕ್ಕೂ ಹಾಕಿ ಕಳಿಸ್ಲಾ?"

ಬೇಡ ಅಂದೆ. ನಾಲ್ಕಕ್ಕೂ ಹಾಕಿದರೆ ದುಡ್ಡು ಹೋಗುತ್ತದೆ, ಅದು ಒಂದು. ಅದಕ್ಕಿಂತ ಬೇಜಾರು ಇನ್ನೊಂದಿದೆ. ನಾಲ್ಕೂ ರಿಪೋರ್ಟ್ ಚೊಕ್ಕವಾಗಿ ಬಂದು, ಮೆಣಸು ಕೊಳ್ಳುವವನು ಕೇಳಿದ ಒಂದೇ ಪ್ರಶ್ನೆಗೆ ಉತ್ತರ ಮಾತ್ರ ಯಾವುದರಲ್ಲೂ ಇಲ್ಲದೆ ಹೋಗಬಹುದು. ಹಾಗೆ ಆಗುತ್ತದೆ, ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಲ್ಯಾಬಿನಲ್ಲಿ ಈ ಮೆಷಿನ್‌ಗಳ ಪಕ್ಕದಲ್ಲೇ ಕೂತು ಕೆಲಸ ಮಾಡುವವಳು ನಾನು. ಮಾವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೆಣಸು ತೂರಿದವರಿಗೆ ಅರ್ಧ ಗೊತ್ತು

ಕಣದಲ್ಲಿ ಮೆಣಸು ತೂರುವುದನ್ನು ನೋಡಿದ್ದೀರಲ್ವಾ? ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಜೊಳ್ಳು ದೂರ ಹೋಗುತ್ತದೆ. ಒಂದೊಂದು ಕಾಳನ್ನೂ ಯಾರೂ ತಕ್ಕಡಿಗೆ ಹಾಕಲಿಲ್ಲ. ಆದರೂ ತೂಕದ ಪ್ರಕಾರ ಬೇರೆಯಾಯಿತು. ಎಲ್ಲಿ ಬಿತ್ತು ಅನ್ನುವುದೇ ಅದರ ತೂಕ ಹೇಳಿತು.

ಮಾಸ್ ಸ್ಪೆಕ್ಟ್ರೋಮೀಟರ್ ಮಾಡುವುದೂ ಇದನ್ನೇ, ಅಣುಗಳ ಮೇಲೆ. ಎರಡು ವ್ಯತ್ಯಾಸ ಇದೆ. ಒಂದು, ಅಣುವನ್ನು ತೂರಲು ಗಾಳಿ ಸಾಲದು, ವಿದ್ಯುತ್ ಬೇಕು. ಅದಕ್ಕೆ ಮೊದಲು ಅಣುವಿಗೆ ಒಂದು ಚಾರ್ಜ್ ಹಚ್ಚಬೇಕು, ಅಂದರೆ ಅದನ್ನು ಅಯಾನು ಮಾಡಬೇಕು. ಚಾರ್ಜ್ ಇಲ್ಲದ ಅಣುವನ್ನು ಮೆಷಿನ್ ತಳ್ಳಲೂ ಆಗದು, ತಿರುಗಿಸಲೂ ಆಗದು. ಎರಡು, ದಾರಿಯಲ್ಲಿ ಗಾಳಿ ಇರಲೇಬಾರದು. ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದರೆ ಅಯಾನು ಗುರಿ ತಲುಪುವುದಿಲ್ಲ. ಹಾಗಾಗಿ ಒಳಗೆ ನಿರ್ವಾತ, ಅದನ್ನು ಕಾಯುವ ಪಂಪುಗಳು ಹಗಲೂ ರಾತ್ರಿ ಓಡುತ್ತಿರಬೇಕು. ಆಟಿ ಮಳೆಯಲ್ಲಿ ವಾರಗಟ್ಟಲೆ ಕರೆಂಟ್ ಹೋಗುವ ನಮ್ಮೂರಿನಲ್ಲಿ ಇದನ್ನು ಇಟ್ಟರೆ ಜನರೇಟರಿನ ಡೀಸೆಲ್‌ಗೇ ಒಂದು ತೋಟ ಬರೆದುಕೊಡಬೇಕು.

ಇನ್ನೊಂದು ಸೂಕ್ಷ್ಮ. ಮೆಷಿನ್ ನೋಡುವುದು ಬರೀ ತೂಕವನ್ನಲ್ಲ, ತೂಕವನ್ನು ಚಾರ್ಜಿನಿಂದ ಭಾಗಿಸಿದ ಲೆಕ್ಕವನ್ನು. ಇದನ್ನು ಎಂ ಬೈ ಜೆಡ್ ಅನ್ನುತ್ತಾರೆ. ಒಂದೇ ಚಾರ್ಜ್ ಇದ್ದರೆ ಕಾಣುವ ಸಂಖ್ಯೆಯೇ ತೂಕ. ಎರಡು ಚಾರ್ಜ್ ಹತ್ತಿದರೆ ಅದೇ ಅಣು ಅರ್ಧ ತೂಕದ ಜಾಗದಲ್ಲಿ ಕೂರುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ ನಿಯಾನ್ ಅನಿಲವನ್ನು ಹೀಗೆ ತೂರಿದಾಗ ಒಂದು ಗೆರೆ ಬರಬೇಕಾದ ಕಡೆ ಎರಡು ಬಂತು, 20 ಮತ್ತು 22. ಅದು 1913ರ ಮಾತು. ಅವರ ಜೊತೆ ಕೆಲಸ ಮಾಡಿದ್ದ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಇನ್ನೂ ಚೊಕ್ಕ ಉಪಕರಣ ಕಟ್ಟಿದರು. ಒಂದೇ ಧಾತುವಿನ ಪರಮಾಣುಗಳಲ್ಲೂ ತೂಕದ ವ್ಯತ್ಯಾಸ ಇದೆ ಎಂದು ಸಾಲುಸಾಲಾಗಿ ತೋರಿಸಿ 1922ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಈ ಐಸೊಟೋಪುಗಳು ಆಮೇಲೆ ಜೇನಿನ ವಿಷಯದಲ್ಲಿ ನಮಗೇ ಬೇಕಾಗುತ್ತವೆ.

ಬಾಗಿಲು ನೋಡಿ, ಪೆಟ್ಟಿಗೆ ಆಮೇಲೆ

ಫಾರಂನ ನಾಲ್ಕು ಹೆಸರುಗಳಲ್ಲಿ ಎಂಎಸ್, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್, ಅನ್ನುವುದು ಒಂದೇ. ಅದರ ಹಿಂದಿರುವ ಅಕ್ಷರಗಳೇ ಮುಖ್ಯ. ನಿಮ್ಮ ಮಾಲು ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ, ಎಲ್ಲಿ ಚಾರ್ಜ್ ಹತ್ತಿಸಿಕೊಳ್ಳುತ್ತದೆ ಅನ್ನುವುದನ್ನು ಅವು ಹೇಳುತ್ತವೆ. ಬಾಗಿಲಲ್ಲಿ ಹಿಡಿಸದ ವಸ್ತು ಎಷ್ಟೇ ದುಬಾರಿ ಮೆಷಿನ್‌ಗೂ ಕಾಣುವುದಿಲ್ಲ. ಆಯ್ಕೆ ಮಾಡುವಾಗ ನಾನು ಮೊದಲು ಕೇಳುವುದು ಒಂದೇ: ನೀವು ಹುಡುಕುತ್ತಿರುವ ವಸ್ತು ಬಿಸಿ ಮಾಡಿದರೆ ಆವಿಯಾಗುತ್ತದಾ, ಇಲ್ಲ ಕರಗಿಯೇ ಇರಬೇಕಾ?

ಆವಿಯಾಗುವುದಾದರೆ ಜಿಸಿ-ಎಂಎಸ್. ಜಿಸಿ ಅಂದರೆ ಗ್ಯಾಸ್ ಕ್ರೊಮ್ಯಾಟೋಗ್ರಫಿ, ಆವಿಗಳನ್ನು ಬೇರೆ ಬೇರೆ ಮಾಡುವ ವಿಧಾನ. ಸ್ಯಾಂಪಲ್ಲಿನ ಸಾರವನ್ನು ಬಿಸಿ ಮಾಡಿ, ಕೂದಲೆಳೆಯಂಥ ಉದ್ದನೆಯ ಕೊಳವೆಯಲ್ಲಿ ಹೀಲಿಯಂ ಜೊತೆ ಓಡಿಸುತ್ತಾರೆ. ಬೇಗ ಹಾರುವವು ಮೊದಲು ಹೊರಗೆ ಬರುತ್ತವೆ, ಸೋಮಾರಿಗಳು ತಡವಾಗಿ. ಹೊರಗೆ ಬಂದಕೂಡಲೇ ಎಲೆಕ್ಟ್ರಾನುಗಳ ಏಟು. ಆ ಏಟಿನ ಶಕ್ತಿ ಹೆಚ್ಚುಕಡಿಮೆ ಎಲ್ಲ ಲ್ಯಾಬುಗಳಲ್ಲೂ 70 ಎಲೆಕ್ಟ್ರಾನ್ ವೋಲ್ಟ್. ಅಣು ಒಡೆದು ಚೂರಾಗುತ್ತದೆ. ಏಟು ಒಂದೇ ಆದ್ದರಿಂದ ಒಡೆಯುವ ರೀತಿಯೂ ಒಂದೇ, ಬೆರಳಚ್ಚಿನ ಹಾಗೆ. ಲಕ್ಷಗಟ್ಟಲೆ ವಸ್ತುಗಳ ಬೆರಳಚ್ಚು ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ, ಹೋಲಿಸಿ ಹೆಸರು ಹೇಳುತ್ತದೆ. ಕೆಫೀನ್ ಆದರೆ 194ರಲ್ಲಿ ಇಡೀ ಅಣು, 109ರಲ್ಲಿ, 67ರಲ್ಲಿ ಚೂರುಗಳು.

ಮೆಣಸಿನ ಪರಿಮಳ, ಏಲಕ್ಕಿಯ ಪರಿಮಳ, ಕೊಡಗಿನ ಕಿತ್ತಳೆ ಸಿಪ್ಪೆಯ ಎಣ್ಣೆ, ಹುರಿದ ಕಾಫಿಯ ಘಮ, ಇವೆಲ್ಲ ಜಿಸಿಯ ಮನೆಮಕ್ಕಳು. ಆದರೆ ಕಂಪ್ಯೂಟರ್ ಹೇಳಿದ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. ಪೈನೀನ್, ಸ್ಯಾಬಿನೀನ್, ಲಿಮೊನೀನ್ ಮೂರೂ ಮೆಣಸಿನಲ್ಲಿವೆ, ಮೂರರ ತೂಕವೂ 136. ಮೊದಲೆರಡರ ಚೂರುಗಳೂ ಅಣ್ಣತಮ್ಮಂದಿರ ಹಾಗೆ, ಎರಡರಲ್ಲೂ 93ರ ಚೂರೇ ದೊಡ್ಡದು. ಯಾವುದು ಎಷ್ಟು ನಿಮಿಷಕ್ಕೆ ಹೊರಗೆ ಬಂತು ಅನ್ನುವುದನ್ನೂ ಸೇರಿಸಿ ನೋಡಿದ ಲ್ಯಾಬ್ ಒಳ್ಳೆಯ ಲ್ಯಾಬ್. ಬರೀ 'ಶೇಕಡಾ ಇಷ್ಟು ಹೊಂದಿಕೆ' ಎಂದು ಮುದ್ರಿಸಿ ಕೊಟ್ಟರೆ ಒಂದು ಪ್ರಶ್ನೆ ಕೇಳಿ.

ಬಿಸಿಗೆ ಕೆಡುವ, ಆವಿಯಾಗದ, ದೊಡ್ಡ ಅಣುಗಳಿಗೆ ಎಲ್‌ಸಿ-ಎಂಎಸ್. ಎಲ್ ಅಂದರೆ ಲಿಕ್ವಿಡ್, ಇಲ್ಲಿ ಎಲ್ಲವೂ ದ್ರವದಲ್ಲೇ. ಕೊನೆಗೆ ಆ ದ್ರವವನ್ನು ಸಾವಿರಾರು ವೋಲ್ಟ್ ಇರುವ ಸಣ್ಣ ಸೂಜಿಯಿಂದ ಮಂಜಿನ ಹಾಗೆ ಸಿಂಪಡಿಸುತ್ತಾರೆ. ಹನಿ ಒಣಗುತ್ತಾ ಒಣಗುತ್ತಾ ಚಾರ್ಜು ಅಣುವಿನ ಮೇಲೆ ಉಳಿಯುತ್ತದೆ. ಅಣು ಒಡೆಯುವುದಿಲ್ಲ, ಇಡಿಯಾಗಿಯೇ ಹಾರುತ್ತದೆ. ದೊಡ್ಡ ಪ್ರೋಟೀನುಗಳನ್ನು ಹೀಗೆ ಹಾರಿಸಿ ತೋರಿಸಿದ್ದಕ್ಕೆ ಜಾನ್ ಫೆನ್ 2002ರ ನೊಬೆಲ್‌ನಲ್ಲಿ ಪಾಲು ಪಡೆದರು. ಅಣುಲೋಕದ ಆನೆಗಳಿಗೆ ರೆಕ್ಕೆ ಕಟ್ಟುವುದು ಎಂದು ಅವರು ಅದನ್ನು ಬಣ್ಣಿಸಿದ್ದರು. ನಮ್ಮ ಕಡೆಯವರು ಇದನ್ನು ಕೇಳಿದರೆ, ಹಾರುವುದು ಬೇಡ, ತೋಟ ಬಿಟ್ಟು ಆಚೆ ನಡೆದರೆ ಸಾಕು ಅಂದಾರು.

ಮೆಣಸಿನ ಖಾರಕ್ಕೆ ಕಾರಣವಾದ ಪೈಪೆರೀನ್ ಇಲ್ಲಿ 286ರಲ್ಲಿ ಕಾಣುತ್ತದೆ. ಅದರ ತೂಕ 285, ಚಾರ್ಜಿಗೆ ಹತ್ತಿದ ಹೈಡ್ರೋಜನ್ನಿನದು 1. ಕೆಫೀನ್ ಹಾಗೆಯೇ 195ರಲ್ಲಿ. ಕೆಲವೊಮ್ಮೆ ಸೋಡಿಯಂ ಅಂಟಿಕೊಂಡು 217ರಲ್ಲೂ ಒಂದು ಗೆರೆ ಬರುತ್ತದೆ. ಹೊಸಬರು ಅದನ್ನು ಬೇರೆ ವಸ್ತು ಎಂದು ಬರೆದಿಡುವುದುಂಟು. ನಾನೂ ಬರೆದಿದ್ದೇನೆ.

ಹುಳಿ ಪದಾರ್ಥಗಳಿಗೆ ಚಾರ್ಜನ್ನು ಉಲ್ಟಾ ಮಾಡಿ ನೋಡುವುದು ಒಳ್ಳೆಯದು. ಕಾಚಂಪುಳಿಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಹೈಡ್ರೋಜನ್ ಕಳೆದುಕೊಂಡು ಋಣ ಚಾರ್ಜಿನಲ್ಲಿ 207ರಲ್ಲಿ ಸಿಗುತ್ತದೆ. ಪಂದಿಕರಿಗೆ ಹಾಕುವ ಕಪ್ಪು ಹುಳಿ ನಿಜವಾಗಿ ಪಣಪುಳಿ ಹಣ್ಣಿನಿಂದ ಬಂತೋ, ವಿನೆಗರ್‌ಗೆ ಬಣ್ಣ ಕಟ್ಟಿದ್ದೋ ಎಂಬ ಅನುಮಾನ ಬಂದರೆ ಈ ದಾರಿ. ಬರೀ ಎಷ್ಟು ಹುಳಿ ಇದೆ ಅಂತ ತಿಳಿಯಲು ಕಾಲೇಜಿನ ಬ್ಯುರೆಟ್ಟೇ ಸಾಕು.

ತೋಟಕ್ಕೆ ಹೊಡೆದ ಮದ್ದು, ಒಂದೊಂದಕ್ಕೂ ಒಂದೊಂದು ದಾರಿ

ಮಾವನ ಅಸಲಿ ತಲೆನೋವು ಇದೇ ಆಗಿತ್ತು. ಮೆಣಸು ಕೊಳ್ಳುವವನು ಮದ್ದಿನ ಉಳಿಕೆಯ ರಿಪೋರ್ಟ್ ಕೇಳಿದ್ದ. ಇಲ್ಲೇ ಜನ ಜಾಸ್ತಿ ಎಡವುತ್ತಾರೆ, ಹಾಗಾಗಿ ಇಲ್ಲಿ ನಿಧಾನಕ್ಕೆ ಹೋಗುತ್ತೇನೆ.

ಯಾವ ಪ್ರಮಾಣದ ಮಾತು ಅಂತ ಮೊದಲು ನೋಡೋಣ. ಬೇರೆ ಮಿತಿ ಹೇಳದ ಮದ್ದುಗಳಿಗೆ ಯುರೋಪ್ ಇಟ್ಟಿರುವ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. 50 ಕಿಲೋದ ಒಂದು ಚೀಲಕ್ಕೆ ಲೆಕ್ಕ ಹಾಕಿದರೆ ಅರ್ಧ ಮಿಲಿಗ್ರಾಂ. 10 ಟನ್ ಲೋಡಿನ ಲಾರಿಗೆ 100 ಮಿಲಿಗ್ರಾಂ, ಅಂದರೆ ಒಂದು ಚಿಟಿಕೆಯೂ ಅಲ್ಲ. ಲಾರಿಯೊಳಗಿನ ಆ ಚಿಟಿಕೆಯನ್ನು ಹುಡುಕಬೇಕು.

ಅದಕ್ಕೆ ಟ್ರಿಪಲ್ ಕ್ವಾಡ್ರುಪೋಲ್ ಅನ್ನುವ ಮೆಷಿನ್ ಬಳಸುತ್ತಾರೆ. ಫಾರಂನಲ್ಲಿ ಎಂಎಸ್/ಎಂಎಸ್ ಎಂದು ಎರಡು ಸಲ ಬರೆದಿದ್ದರೆ ಬಹಳ ಸಲ ಇದೇ. ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ದಾರಿ ನೆನಪಿಸಿಕೊಳ್ಳಿ. ಪೆರುಂಬಾಡಿಯಲ್ಲಿ ಒಂದು ಚೆಕ್‌ಪೋಸ್ಟ್, ಮಧ್ಯೆ ಮಾಕುಟ್ಟದ ಘಾಟಿ, ಕೂಟುಪುಳದಲ್ಲಿ ಇನ್ನೊಂದು ತಪಾಸಣೆ. ಮೊದಲ ಗೇಟಿನಲ್ಲಿ 350 ತೂಕದವರಿಗೆ ಮಾತ್ರ ಬಿಡುಗಡೆ. ಘಾಟಿಯಲ್ಲಿ ಆರ್ಗಾನ್ ಅಥವಾ ನೈಟ್ರೋಜನ್ ಅಣುಗಳಿಗೆ ಡಿಕ್ಕಿ ಹೊಡೆದು ಅದು ಒಡೆಯುತ್ತದೆ. ಕೊನೆಯ ಗೇಟಿನಲ್ಲಿ 198ರ ಚೂರಿಗೆ ಮಾತ್ರ ಪ್ರವೇಶ. ಎರಡೂ ಗೇಟು ದಾಟಿ ಬಂತು ಅಂದರೆ ಅದು ಕ್ಲೋರ್‌ಪೈರಿಫಾಸ್ ಕೀಟನಾಶಕ ಎಂಬ ಅನುಮಾನ ಬಲವಾಯಿತು. ಇನ್ನೊಂದು ಚೂರು, ಹೊರಬರುವ ಸಮಯ, ಇವೂ ತಾಳೆಯಾದರೆ ಖಾತ್ರಿ. 350 ತೂಕದ ಬೇರೆ ವಸ್ತುಗಳು ಬೇಕಾದಷ್ಟು ಇರಬಹುದು. 350 ಇದ್ದು, ಒಡೆದಾಗ 198 ಕೊಟ್ಟು, ಅದೇ ನಿಮಿಷಕ್ಕೆ ಹೊರಗೆ ಬರುವುದು ಇನ್ನೊಂದು ಸಿಗುವುದು ಕಷ್ಟ.

ಅರೇಬಿಕಾ ಗಿಡದ ಬಿಳಿ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಬಳಿದವರು ನಮ್ಮಲ್ಲಿ ಬಹಳ ಜನ. ಯುರೋಪ್ 2020ರಲ್ಲಿ ಇದಕ್ಕೆ ಬಾಗಿಲು ಹಾಕಿತು. ಕಾಫಿಗೆ ಬಳಿದಿದ್ದು ಮೆಣಸಿನಲ್ಲಿ ಯಾಕೆ ಬರುತ್ತದೆ ಅಂತ ಮಾವ ಕೇಳಿದರು. ಒಂದೇ ತೋಟ, ಒಂದೇ ಕಣ, ಅದೇ ಗೋಣಿಚೀಲ, ಅದೇ ಸ್ಪ್ರೇಯರ್ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಇಮಿಡಾಕ್ಲೋಪ್ರಿಡ್, ಕಾರ್ಬೆಂಡಜಿಮ್, ಮೆಟಲಾಕ್ಸಿಲ್ ಇಂಥವು ಎಲ್‌ಸಿಯ ಬಾಗಿಲಲ್ಲಿ ಸಲೀಸಾಗಿ ಹೋಗುತ್ತವೆ. ಎಂಡೋಸಲ್ಫಾನ್ ಥರದ ಹಳೆಯ ಕ್ಲೋರಿನ್ ಮದ್ದುಗಳು ಹೋಗುವುದಿಲ್ಲ. ಅವಕ್ಕೆ ಸೂಜಿಯ ತುದಿಯಲ್ಲಿ ಚಾರ್ಜ್ ಸರಿಯಾಗಿ ಹತ್ತುವುದಿಲ್ಲ, ಜಿಸಿಯೇ ಬೇಕು. ಸೈಪರ್‌ಮೆಥ್ರಿನ್ ಥರದವನ್ನೂ ಸಾಮಾನ್ಯವಾಗಿ ಜಿಸಿಯಲ್ಲೇ ನೋಡುತ್ತಾರೆ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ. ಈಗ ಯಾರು ಹೊಡೆಯುತ್ತಾರೆ ಅನ್ನಬಹುದು. ಕೊಳ್ಳುವವರ ಪಟ್ಟಿಯಲ್ಲಿ ಅದರ ಹೆಸರು ಇನ್ನೂ ಇರುತ್ತದೆ.

ಈಗ ಬರುವುದು ದೊಡ್ಡ ಗುಂಡಿ. ಮೆಣಸಿನ ಸೊರಗು ರೋಗಕ್ಕೆ ಮೆಟಲಾಕ್ಸಿಲ್ ಜೊತೆ ಮ್ಯಾಂಕೊಜೆಬ್ ಸೇರಿದ ಪುಡಿ ಹಾಕುತ್ತಾರಲ್ವಾ? ಇನ್ನೂರು ಮುನ್ನೂರು ಮದ್ದುಗಳನ್ನು ಒಂದೇ ಸಲಕ್ಕೆ ನೋಡುವ ದೊಡ್ಡ ಪರೀಕ್ಷೆಯಲ್ಲಿ ಮೆಟಲಾಕ್ಸಿಲ್ ಸಿಗುತ್ತದೆ, ಮ್ಯಾಂಕೊಜೆಬ್ ಸಿಗುವುದಿಲ್ಲ. ಅದು ಸರಿಯಾಗಿ ಯಾವುದರಲ್ಲೂ ಕರಗುವುದಿಲ್ಲ. ಅದನ್ನು ಆಮ್ಲದಲ್ಲಿ ಕಾಯಿಸಿ, ಹೊರಡುವ ಕಾರ್ಬನ್ ಡೈಸಲ್ಫೈಡನ್ನು ಜಿಸಿ-ಎಂಎಸ್‌ನಲ್ಲಿ 76ರಲ್ಲಿ ಅಳೆಯುತ್ತಾರೆ. ಇದು ಬೇರೆಯೇ ಪರೀಕ್ಷೆ, ಬೇರೆಯಾಗಿ ಕೇಳಬೇಕು. ಇದಕ್ಕೂ ಒಂದು ತೊಡಕಿದೆ. ಮ್ಯಾಂಕೊಜೆಬ್ ಆಗಲಿ, ಅದೇ ಜಾತಿಯ ಇನ್ನೊಂದು ಮದ್ದಾಗಲಿ, ಹೊರಡುವುದು ಅದೇ ಕಾರ್ಬನ್ ಡೈಸಲ್ಫೈಡ್. ಯಾವುದು ಹೊಡೆದಿದ್ದು ಅಂತ ಮೆಷಿನ್ ಹೇಳಲಾರದು, ನಿಮ್ಮ ತೋಟದ ಡೈರಿ ಹೇಳಬೇಕು.

ಕಳೆನಾಶಕ ಗ್ಲೈಫೋಸೇಟ್ ಕಥೆಯೂ ಹೀಗೆಯೇ. ಅದು ನೀರನ್ನು ಬಿಟ್ಟು ಬರುವುದೇ ಇಲ್ಲ. ದೊಡ್ಡ ಪರೀಕ್ಷೆಗೆ ಸ್ಯಾಂಪಲ್ ತಯಾರು ಮಾಡುವಾಗ ಮದ್ದುಗಳನ್ನೆಲ್ಲ ಅಸಿಟೋನೈಟ್ರೈಲ್ ಎಂಬ ದ್ರಾವಕಕ್ಕೆ ಎಳೆದುಕೊಳ್ಳುತ್ತಾರೆ, ಗ್ಲೈಫೋಸೇಟ್ ನೀರಿನಲ್ಲೇ ಉಳಿದು ಚೆಲ್ಲಿ ಹೋಗುತ್ತದೆ. ಎಲ್‌ಸಿ-ಎಂಎಸ್/ಎಂಎಸ್‌ನಲ್ಲೇ ಅಳೆಯಬಹುದು, ಆದರೆ ಸ್ಯಾಂಪಲ್ ತಯಾರಿ ಬೇರೆ, ಕೊಳವೆ ಬೇರೆ, ಬಿಲ್ಲೂ ಬೇರೆ.

ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣ ಎರಡೂ ಬಾಗಿಲಿಗೆ ಸೇರಿದ್ದಲ್ಲ. ಅದರಲ್ಲಿ ಹುಡುಕಬೇಕಾದ್ದು ತಾಮ್ರ, ಅಂದರೆ ಧಾತು.

ಹಾಗಾಗಿ 'ಮದ್ದಿನ ಉಳಿಕೆ ಇಲ್ಲ' ಎಂದು ರಿಪೋರ್ಟ್ ಬಂದರೆ ಖುಷಿಪಡುವ ಮೊದಲು ಅದರ ಹಿಂದಿನ ಪುಟದ ಪಟ್ಟಿ ಓದಿ. ಇಲ್ಲ ಅಂದರೆ, ಪಟ್ಟಿಯಲ್ಲಿ ಇರುವುದು ಇಲ್ಲ ಅಂತ ಅಷ್ಟೇ. ಪಟ್ಟಿಯಲ್ಲಿ ಇಲ್ಲದ್ದನ್ನು ಟ್ರಿಪಲ್ ಕ್ವಾಡ್ರುಪೋಲ್ ನೋಡಿಯೇ ಇರುವುದಿಲ್ಲ. ಗೇಟಿನಲ್ಲಿ ಕೂತವನಿಗೆ ಕೊಟ್ಟ ನಂಬರುಗಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಧಾತುಗಳಿಗೆ ಐಸಿಪಿ

ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ತಾಮ್ರ ಇವಕ್ಕೆ ಐಸಿಪಿ-ಎಂಎಸ್. ಸ್ಯಾಂಪಲ್ಲನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, 6,000ದಿಂದ 10,000 ಕೆಲ್ವಿನ್ ಬಿಸಿಯ ಆರ್ಗಾನ್ ಜ್ವಾಲೆಗೆ, ಅಂದರೆ ಪ್ಲಾಸ್ಮಾಕ್ಕೆ, ಊದುತ್ತಾರೆ. ಐಸಿಪಿಯ ಪಿ ಅದೇ. ಅಣು ಗಿಣು ಏನೂ ಉಳಿಯುವುದಿಲ್ಲ, ಬರೀ ಪರಮಾಣುಗಳು. ಆದ್ದರಿಂದ ಸೀಸ ಎಷ್ಟಿದೆ ಅಂತ ಬಹಳ ಸೂಕ್ಷ್ಮವಾಗಿ ಹೇಳುತ್ತದೆ, ಯಾವ ರೂಪದಲ್ಲಿತ್ತು ಅಂತ ಹೇಳಲಾರದು. ಒಂದು ಮೋಸ ಗೊತ್ತಿರಲಿ: ಆರ್ಗಾನ್ 40, ಉಪ್ಪಿನ ಕ್ಲೋರಿನ್ 35, ಎರಡೂ ಸೇರಿದರೆ 75. ಆರ್ಸೆನಿಕ್ಕಿನ ತೂಕವೂ 75. ಉಪ್ಪಿರುವ ಸ್ಯಾಂಪಲ್ಲಿನಲ್ಲಿ ಇಲ್ಲದ ಆರ್ಸೆನಿಕ್ ಕಾಣಿಸಬಹುದು. ಮಧ್ಯದಲ್ಲಿ ಹೀಲಿಯಂ ತುಂಬಿದ ಕೋಶ ಇಟ್ಟು ಇದನ್ನು ತಡೆಯುತ್ತಾರೆ. ಲ್ಯಾಬಿನವರನ್ನು ಇದೊಂದು ಕೇಳಿ.

ಬೋರ್ಡೋದ ತಾಮ್ರಕ್ಕಷ್ಟೇ ಆದರೆ ಐಸಿಪಿ ಬೇಡವೇ ಬೇಡ. ಹಳೆಯ ಅಟಾಮಿಕ್ ಅಬ್ಸಾರ್ಪ್ಷನ್ ಮೆಷಿನ್ ಸಾಕು.

ಜೇನಿಗೆ ಮಾತ್ರ ಬೇರೆ ಪ್ರಶ್ನೆ

ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿದ ಮೇಲೆ ತೆಗೆಯುವ ತುಡುವೆ ಜೇನಿಗೆ ಸಕ್ಕರೆಪಾಕ ಬೆರೆಸಿದ್ದಾರಾ ಅಂತ ಹೇಗೆ ತಿಳಿಯುವುದು? ಸಕ್ಕರೆಯ ಅಣುವನ್ನು ನೋಡಿ ಹೇಳುವುದು ಕಷ್ಟ. ಜೇನಿನ ಗ್ಲೂಕೋಸೂ ಪಾಕದ ಗ್ಲೂಕೋಸೂ ಒಂದೇ. 'ಏನಿದೆ' ಅನ್ನುವ ಪ್ರಶ್ನೆ ಬಿಟ್ಟು 'ಎಲ್ಲಿಂದ ಬಂತು' ಅಂತ ಕೇಳಬೇಕು.

ಇಲ್ಲಿ ಆಸ್ಟನ್ನರ ಐಸೊಟೋಪುಗಳು ಬರುತ್ತವೆ. ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು ಒಂದು 13 ತೂಕದ್ದು, ಉಳಿದವು 12. ಕಬ್ಬು, ಮೆಕ್ಕೆಜೋಳ ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಬೇರೆ, ಕಾಫಿ ಗಿಡ, ಕಾಡುಮರಗಳ ರೀತಿ ಬೇರೆ. ಹಾಗಾಗಿ ಈ ಪಾಲಿನಲ್ಲಿ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಐಸೊಟೋಪುಗಳ ಪಾಲು ಅಳೆಯುವ ಐಆರ್‌ಎಂಎಸ್ ಜೇನನ್ನು ಸುಟ್ಟು ಇಂಗಾಲದ ಡೈಆಕ್ಸೈಡ್ ಮಾಡಿ, 44 ಮತ್ತು 45 ತೂಕದವನ್ನು ಎಣಿಸುತ್ತದೆ. ಸಾವಿರಕ್ಕೆ ಇಷ್ಟು ಎಂಬ ಅದರ ಅಳತೆಯಲ್ಲಿ ಹೂವಿನ ಜೇನು ಮೈನಸ್ 25ರ ಆಸುಪಾಸು, ಕಬ್ಬಿನ ಸಕ್ಕರೆ ಮೈನಸ್ 10ರಿಂದ 13ರ ನಡುವೆ. ಜೇನಿನೊಳಗಿನ ಪ್ರೋಟೀನನ್ನು ಬೇರೆ ಮಾಡಿ ಅದರ ಅಂಕಿಯನ್ನೂ ತೆಗೆಯುತ್ತಾರೆ. ಹೊರಗಿನಿಂದ ಸಕ್ಕರೆ ಸೇರಿದರೆ ಎರಡು ಅಂಕಿಗಳೂ ಒಂದರಿಂದ ಒಂದು ದೂರವಾಗುತ್ತವೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಸಕ್ಕರೆಗೆ ಇಟ್ಟಿರುವ ಮಿತಿ ಶೇಕಡಾ 7.

ಇದನ್ನು ಗೆಲ್ಲುವ ಉಪಾಯ ಕಲಬೆರಕೆ ಮಾಡುವವರಿಗೂ ಗೊತ್ತು. ಅಕ್ಕಿಯ ಪಾಕ ಹಾಕಿದರೆ ಸಾಮಾನ್ಯ ಐಆರ್‌ಎಂಎಸ್‌ಗೆ ಸಿಗುವುದಿಲ್ಲ, ಭತ್ತವೂ ಕಾಫಿಯ ಗುಂಪಿನ ಗಿಡವೇ. ಆಗ ಒಂದೊಂದು ಸಕ್ಕರೆಯನ್ನೂ ಬೇರೆ ಮಾಡಿ ಸುಡುವ ಎಲ್‌ಸಿ-ಐಆರ್‌ಎಂಎಸ್, ಪಾಕದ ಗುರುತಿನ ಅಣುಗಳನ್ನು ಹುಡುಕುವ ಎಲ್‌ಸಿ-ಎಂಎಸ್ ಅಥವಾ ಬಲವಾದ ಅಯಸ್ಕಾಂತದಲ್ಲಿಟ್ಟು ಅಣುಗಳನ್ನು ಗುರುತಿಸುವ ಎನ್‌ಎಂಆರ್ ಬೇಕು. ಮನೆಮಂದಿಗೆ ಎರಡು ಬಾಟಲಿ ಜೇನು ಕೊಳ್ಳಲು ಇಷ್ಟೆಲ್ಲ ಬೇಡ. ಗೊತ್ತಿರುವವರ ಪೆಟ್ಟಿಗೆಯಿಂದ ತೆಗೆಯುವಾಗ ಹೋಗಿ ನಿಂತರೆ ಆಯಿತು.

ಬಾಗಿಲು ಆಯಿತು, ಈಗ ಪೆಟ್ಟಿಗೆ

ಬಾಗಿಲು ಒಂದೇ ಇದ್ದರೂ ಒಳಗೆ ತೂರುವ ವಿಧಾನ ಬೇರೆ ಬೇರೆ. ಆಸ್ಟನ್ ಕಾಲದ ಅಯಸ್ಕಾಂತದ ವಿಧಾನವನ್ನು ಸಂಪಾಜೆ ಘಾಟಿಯ ತಿರುವು ಅಂದುಕೊಳ್ಳಿ. ಬೈಕು ಒಳಗಿಂದ ತಿರುಗುತ್ತದೆ, ತುಂಬಿದ ಲಾರಿ ಅಗಲವಾಗಿ ತಿರುಗುತ್ತದೆ. ಐಆರ್‌ಎಂಎಸ್‌ನಲ್ಲಿ ಇಂದಿಗೂ ಇದೇ ಕೆಲಸ ಮಾಡುತ್ತದೆ.

ಕ್ವಾಡ್ರುಪೋಲ್‌ನಲ್ಲಿ ನಾಲ್ಕು ಸರಳು, ಅವುಗಳ ನಡುವೆ ಒಂದು ಸಲಕ್ಕೆ ಒಂದೇ ತೂಕದ ಅಯಾನು ನೇರ ದಾಟುತ್ತದೆ. ಉಳಿದವು ಓಲಾಡಿ ಗೋಡೆಗೆ ಬಡಿಯುತ್ತವೆ. ಇದನ್ನು ರೂಪಿಸಿದ ವುಲ್ಫ್‌ಗಾಂಗ್ ಪೌಲ್ ಅವರಿಗೆ ಅಯಾನುಗಳನ್ನು ಹಿಡಿದಿಡುವ ಬಲೆಗಾಗಿ 1989ರಲ್ಲಿ ನೊಬೆಲ್‌ನ ಪಾಲು ಬಂತು. ಅಗ್ಗ, ಗಟ್ಟಿಮುಟ್ಟು, ದಿನಾ ದುಡಿಯುವ ಜೀಪಿನ ಹಾಗೆ. ಆದರೆ ಪೂರ್ಣ ಸಂಖ್ಯೆಗಿಂತ ಸೂಕ್ಷ್ಮವಾಗಿ ನೋಡಲಾರದು.

ಟೈಮ್ ಆಫ್ ಫ್ಲೈಟ್‌ನಲ್ಲಿ ಎಲ್ಲ ಅಯಾನುಗಳಿಗೂ ಒಂದೇ ಶಕ್ತಿಯ ತಳ್ಳು. ತೆಂಗಿನಕಾಯಿಗೂ ಅಡಿಕೆಗೂ ಅಷ್ಟೇ ಶಕ್ತಿ ಕೊಟ್ಟರೆ ಅಡಿಕೆ ಮುಂದೆ ಹೋಗುತ್ತದಲ್ವಾ? ತೂಕ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟು. ಎಲ್ಲ ತೂಕಗಳೂ ಒಂದೇ ಓಟದಲ್ಲಿ ದಾಖಲಾಗುತ್ತವೆ. ಆರ್ಬಿಟ್ರಾಪ್ ಇನ್ನೂ ಹೊಸದು, ಮಾರುಕಟ್ಟೆಗೆ ಬಂದಿದ್ದು 2005ರಲ್ಲಿ. ಅಲೆಕ್ಸಾಂಡರ್ ಮಕರೋವ್ ಅವರ ಕೆಲಸ. ಒಂದು ಕದಿರಿನ ಸುತ್ತ ಸುತ್ತುತ್ತಾ ಆ ಕಡೆ ಈ ಕಡೆ ತೂಗುವ ಅಯಾನುಗಳ ಲಯದಿಂದ ತೂಕ ಕಂಡುಹಿಡಿಯುತ್ತದೆ.

ದಶಮಾಂಶ ಯಾಕೆ ಬೇಕು ಅನ್ನುವವರಿಗೆ ಒಂದು ಉದಾಹರಣೆ. ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್, ಎಥಿಲೀನ್ ಮೂರೂ ಕ್ವಾಡ್ರುಪೋಲ್‌ಗೆ 28. ಸೂಕ್ಷ್ಮವಾಗಿ ತೂಗಿದರೆ 27.995, 28.006, 28.031. ಇಷ್ಟು ನಿಖರ ತೂಕ ಸಿಕ್ಕರೆ ಅಣುಸೂತ್ರ ಊಹಿಸಬಹುದು.

ನನ್ನ ಲೆಕ್ಕ ಹೀಗೆ: ಏನು ಹುಡುಕಬೇಕು ಅಂತ ಗೊತ್ತಿದ್ದರೆ ಟ್ರಿಪಲ್ ಕ್ವಾಡ್ರುಪೋಲ್. ಏನಿದೆ ಅಂತಲೇ ಗೊತ್ತಿಲ್ಲದಿದ್ದರೆ ಟೈಮ್ ಆಫ್ ಫ್ಲೈಟ್ ಅಥವಾ ಆರ್ಬಿಟ್ರಾಪ್. ಆಟಿ 18ಕ್ಕೆ ಪಾಯಸ ಮಾಡುವ ಮದ್ದು ಸೊಪ್ಪನ್ನೇ ತೆಗೆದುಕೊಳ್ಳಿ. ಅದರ ನೇರಳೆ ರಸದಲ್ಲಿ ಏನೇನಿದೆ ಎಂದು ಕೇಳಿದರೆ ಎರಡನೆಯದು. ಆದರೆ ಅದರಲ್ಲಿ ಹದಿನೆಂಟು ಔಷಧಿ ಇದೆಯಾ ಅಂತ ಅಜ್ಜಿಯ ಪರವಾಗಿ ಕೇಳಿದರೆ ಯಾವ ಮೆಷಿನ್ನೂ ಉತ್ತರ ಕೊಡದು. ಅದು ತೂಕ ಹೇಳುತ್ತದೆ, ಗುಣ ಹೇಳುವುದಿಲ್ಲ.

ದುಬಾರಿ ಪೆಟ್ಟಿಗೆಗೂ ಸೋಲು ಉಂಟು. ಹಸಿರು ಕಾಫಿ ಬೀಜದ ಕ್ಲೋರೋಜೆನಿಕ್ ಆಮ್ಲಗಳಲ್ಲಿ ಮೂರು ಅಣುಗಳ ಸೂತ್ರ ಒಂದೇ, ತೂಕ 354. ದಶಮಾಂಶ ಎಷ್ಟೇ ಇದ್ದರೂ ಮೂರೂ ಒಂದೇ ಗೆರೆ. ಅವನ್ನು ಬೇರೆ ಮಾಡುವುದು ಮುಂದಿನ ಎಲ್‌ಸಿ ಕೊಳವೆ, ಮತ್ತು ಒಡೆದಾಗ ಬರುವ ಚೂರುಗಳ ಪ್ರಮಾಣ.

ಮೆಷಿನ್ನೇ ಬೇಡದ ಕೆಲಸಗಳು

ಲೀಟರ್ ಮೆಣಸು 550 ಗ್ರಾಂ ತೂಗುತ್ತದಾ ನೋಡಲು ತಕ್ಕಡಿ. ಪಪ್ಪಾಯಿ ಬೀಜ ಬೆರೆಸಿದ್ದಾರಾ ನೋಡಲು ಒಂದು ಲೋಟ ನೀರು, ತೇಲುವುದನ್ನು ಅನುಮಾನಿಸಿ. ಜೇನಿನ ತೇವಕ್ಕೆ ರಿಫ್ರಾಕ್ಟೋಮೀಟರ್. ಕಾಫಿಯಲ್ಲಿ ಕೆಫೀನ್ ಎಷ್ಟು ಅನ್ನಲು ಎಂಎಸ್ ಇಲ್ಲದ ಎಚ್‌ಪಿಎಲ್‌ಸಿ, ಅಂದರೆ ಎಲ್‌ಸಿ ಕೊಳವೆಯ ಮೆಷಿನ್ ಮಾತ್ರ.

ಕಾಫಿಯ ಬೂಸ್ಟಿನ ವಿಷ ಒಕ್ರಟಾಕ್ಸಿನ್ ಮಧ್ಯದಲ್ಲಿ ನಿಲ್ಲುತ್ತದೆ. ಹುರಿದ ಕಾಫಿಗೆ ಯುರೋಪ್ ಈಗ ಇಟ್ಟಿರುವ ಮಿತಿ ಕಿಲೋಗೆ 3 ಮೈಕ್ರೋಗ್ರಾಂ, ಮೊದಲು 5 ಇತ್ತು. ಇದಕ್ಕೆ ಎಲ್‌ಸಿ-ಎಂಎಸ್/ಎಂಎಸ್ ಚೆನ್ನಾಗಿದೆ, 404ರಿಂದ 239. ಫ್ಲೋರೆಸೆನ್ಸ್ ಇರುವ ಎಚ್‌ಪಿಎಲ್‌ಸಿಯೂ ನಂಬಬಹುದಾದ ದಾರಿಯೇ. ಆದರೆ ಕಣದಲ್ಲಿ ಅರ್ಧ ಒಣಗಿದ ಚೆರಿ ಡಿಸೆಂಬರ್ ಮಳೆಗೆ ನೆನೆದಿದ್ದರೆ, ಪರೀಕ್ಷೆಯ ದುಡ್ಡಿನಲ್ಲಿ ಮೊದಲು ಟಾರ್ಪಾಲು ತನ್ನಿ.

ಸ್ಯಾಂಪಲ್ ಕೆಟ್ಟರೆ ಎಲ್ಲವೂ ಕೆಟ್ಟಿತು

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಮನೆಯ ಮೆಣಸಿನಿಂದ ತೆಗೆದ ಎಣ್ಣೆಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದಿದ್ದೆ. ಜಿಸಿ-ಎಂಎಸ್ ಹಾಕಿದರೆ 149ರಲ್ಲಿ ದೊಡ್ಡ ಗೆರೆ. ಮೆಣಸಿನಲ್ಲಿ ಹೊಸದೇನೋ ಸಿಕ್ಕಿತು ಅಂತ ಎರಡು ದಿನ ಕುಣಿದೆ. ಹಿರಿಯರೊಬ್ಬರು ನೋಡಿ ನಕ್ಕರು. 149 ಅಂದರೆ ಥ್ಯಾಲೇಟ್, ಪ್ಲಾಸ್ಟಿಕ್ಕನ್ನು ಮೆದು ಮಾಡಲು ಹಾಕುವ ವಸ್ತು. ನಾನು ಕಂಡುಹಿಡಿದಿದ್ದು ಬಾಟಲಿಯನ್ನು.

ಹಾಗಾಗಿ ಪರಿಮಳದ ಸ್ಯಾಂಪಲ್ಲಿಗೆ ಗಾಜು, ಧಾತುವಿನ ಸ್ಯಾಂಪಲ್ಲಿಗೆ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್. ಹೌದು, ಉಲ್ಟಾ. ಉಪ್ಪಿನಕಾಯಿಯ ಜಾಡಿ ಯಾವುದಕ್ಕೂ ಬೇಡ. ಮೇಲಿನ ಚೀಲದಿಂದ ಒಂದು ಹಿಡಿ ತೆಗೆದು ಕಳಿಸಿದರೆ ಆ ಹಿಡಿಯ ಕಥೆ ಮಾತ್ರ ಗೊತ್ತಾಗುತ್ತದೆ. ಹತ್ತಾರು ಚೀಲಗಳ ಮೇಲೆ, ನಡುವೆ, ಕೆಳಗೆ ಬಂಬು (ಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕೊಳವೆ) ಹಾಕಿ ತೆಗೆದು, ಬೆರೆಸಿ, ಅದರಿಂದ ಕಳಿಸಿ. ಬೂಸ್ಟಿನ ವಿಷಕ್ಕಂತೂ ಇದು ಇನ್ನೂ ಮುಖ್ಯ, ಅದು ಲಾಟಿನಲ್ಲೆಲ್ಲ ಸಮನಾಗಿ ಇರುವುದಿಲ್ಲ, ಅಲ್ಲೊಂದು ಇಲ್ಲೊಂದು ಬೀಜದಲ್ಲಿ ಕೂತಿರುತ್ತದೆ.

ಕೊನೆಗೆ ಮಾವ ಎರಡು ಟಿಕ್ ಹಾಕಿದರು, ಎಲ್‌ಸಿ ಮತ್ತು ಜಿಸಿ, ಎರಡರ ಪಕ್ಕದಲ್ಲೂ ಎಂಎಸ್/ಎಂಎಸ್ ಎಂದು ಕೈಯಲ್ಲಿ ಬರೆದು. ಕೆಳಗಿನ ಖಾಲಿ ಜಾಗದಲ್ಲಿ ಮ್ಯಾಂಕೊಜೆಬ್ ಬೇರೆಯಾಗಿ ನೋಡಿ ಅಂತ ಒಂದು ಸಾಲು. ಗ್ಲೈಫೋಸೇಟ್ ಬೇಕಾಗಲಿಲ್ಲ, ಅವರು ಕಳೆ ಕತ್ತಿಯಲ್ಲೇ ಕಡಿಸುವುದು. ಐಸಿಪಿ, ಐಆರ್‌ಎಂಎಸ್ ಚೌಕಗಳು ಖಾಲಿ ಉಳಿದವು. ಗಾಜಿನ ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆಯಲು ಹೊರಟಿದ್ದರು. ಬೇಡ ಮಾವ, ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ಹೊರಗೆ ಅಂಟಿಸಿ ಅಂದೆ. ಮಾರ್ಕರಿನ ವಾಸನೆಯೂ ಆವಿಯೇ ತಾನೇ.